1,57,79,17,500: ಅಜ್ಜನ ಲೆಕ್ಕದ ಪುಸ್ತಕದಲ್ಲಿ ಸಿಕ್ಕ ಸಂಖ್ಯೆಯನ್ನು ಪೂರ್ತಿ ಒಡೆಯುವುದು ಹೇಗೆ?

ಪ್ರಶ್ನೆ: ಕಲ್ಯಾಣಪುರದವ

ಎಲ್ಲರಿಗೂ ನಮಸ್ಕಾರ. ಕಳೆದ ಆಟಿಯ ಮಳೆಗೆ ನಮ್ಮ ಮನೆಯ ಹಂಚು ಸೋರಿದ್ದರಿಂದ ಅಟ್ಟದಲ್ಲಿದ್ದ ಮರದ ಪೆಟ್ಟಿಗೆಯನ್ನು ಕೆಳಗಿಳಿಸಬೇಕಾಯಿತು. ಪಂಚಾಂಗದ ಗಣಿತ ಮಾಡುತ್ತಿದ್ದ ನನ್ನ ಅಜ್ಜನ ಲೆಕ್ಕದ ಪುಸ್ತಕವೊಂದು ಅದರೊಳಗೆ ಸಿಕ್ಕಿತು. ಅಂಚುಗಳನ್ನು ಗೆದ್ದಲು ತಿಂದಿದ್ದರೂ ನಡುವಿನ ಹಾಳೆಗಳು ಓದುವಂತಿವೆ. ಒಂದು ಪುಟದ ನೆತ್ತಿಯಲ್ಲಿ 1,57,79,17,500 ಎಂಬ ಸಂಖ್ಯೆಯೂ ಅದರ ಪಕ್ಕದಲ್ಲಿ 43,20,000 ಎಂಬುದೂ ಇವೆ. ಎರಡರ ಕೆಳಗೂ 7500 ಎಂದು ಬರೆದು ಗೆರೆ ಎಳೆದು, ಗೆರೆಯಡಿಯಲ್ಲಿ 2,10,389 ಮತ್ತು 576 ಎಂದು ಬರೆಯಲಾಗಿದೆ. ಪುಟದ ಕೊನೆಯಲ್ಲಿ, ವಿವರಣೆ ಏನೂ ಇಲ್ಲದೆ, 94,602 ಮತ್ತು 259 ಎಂಬ ಎರಡು ಸಂಖ್ಯೆಗಳಿಗೆ ಕೆಂಪು ಶಾಯಿಯ ಸುತ್ತು ಹಾಕಲಾಗಿದೆ.

43,20,000 ಎಂಬುದು ಮಹಾಯುಗದ ವರ್ಷಗಳ ಲೆಕ್ಕವೆಂದು ಗೊತ್ತಿರುವುದರಿಂದ, ದೊಡ್ಡ ಸಂಖ್ಯೆ ಅಷ್ಟು ವರ್ಷಗಳ ದಿನಗಳಿರಬೇಕೆಂದು ಊಹಿಸಿದ್ದೇನೆ. ಎರಡನ್ನೂ 7500ರಿಂದ ಭಾಗಿಸಿದರೆ ಗೆರೆಯಡಿಯ ಸಂಖ್ಯೆಗಳೇ ಬರುತ್ತವೆ, ಅಲ್ಲಿಯವರೆಗೆ ತೊಡಕಿಲ್ಲ. 7500 ಎಂದರೆ 2² × 3 × 5⁴ ಆದ್ದರಿಂದ, ದೊಡ್ಡ ಸಂಖ್ಯೆಯ ಎಲ್ಲ ಅವಿಭಾಜ್ಯ ಅಪವರ್ತನಗಳನ್ನು ತಿಳಿಯಲು 2,10,389 ಒಂದನ್ನು ಒಡೆದರೆ ಸಾಕು. ಕರೆಂಟು ಹೋಗಿದ್ದ ಒಂದು ರಾತ್ರಿ ಕಾಗದ ಪೆನ್ಸಿಲು ಹಿಡಿದು ಕೂತು, 7ರಿಂದ ತೊಡಗಿ 59ರವರೆಗೆ ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಅದನ್ನು ಭಾಗಿಸುತ್ತ ಹೋದೆ. ಪ್ರತಿ ಸಲವೂ ಶೇಷ ಉಳಿಯಿತು. 59ರಿಂದ ಭಾಗಿಸಿದಾಗ 54 ಉಳಿದದ್ದನ್ನು ಕಂಡು ಬೇಸತ್ತು, ಇದು ಅವಿಭಾಜ್ಯವೇ ಎಂದು ತೀರ್ಮಾನಿಸಿ, ಅಜ್ಜನ ಪುಸ್ತಕದ ಬದಿಯಲ್ಲಿ ಹಾಗೆಯೇ ಬರೆದೂ ಬಿಟ್ಟೆ.

ಈಗ ಸಂಶಯ ಕಾಡುತ್ತಿದೆ. ಮೊಬೈಲಿಗೆ ಕೇಳಿದರೆ ಕ್ಷಣದಲ್ಲಿ ಉತ್ತರ ಬರುತ್ತದೆಂದು ಬಲ್ಲೆ, ಆದರೆ ಕೈಲೆಕ್ಕದಲ್ಲೇ ಇದನ್ನು ನಿರ್ಧರಿಸುವ ದಾರಿ ಇದೆಯೇ ಎಂಬುದು ನನ್ನ ಮೊದಲ ಪ್ರಶ್ನೆ. ಕೆಂಪು ಸುತ್ತಿನೊಳಗಿನ 94,602 ಮತ್ತು 259 ಎಲ್ಲಿಂದ ಬಂದವು ಎಂಬುದು ಎರಡನೆಯದು.

ಉತ್ತರ: ಬಿಕರ್ನಕಟ್ಟೆ ಮೇಷ್ಟ್ರು

ತಾವು ಇನ್ನೊಂದೇ ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. 59ರ ನಂತರದ ಅವಿಭಾಜ್ಯ 61, ಮತ್ತು 61 × 3449 = 2,10,389. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವನಾಗಿ ಹೇಳುತ್ತೇನೆ, ಬೇಸರ ಬಂದಲ್ಲಿಗೆ ಪರೀಕ್ಷೆ ಮುಗಿಯುವುದಿಲ್ಲ. ವರ್ಗಮೂಲ ಬಂದಲ್ಲಿಗೆ ಮುಗಿಯುತ್ತದೆ. 2,10,389ರ ವರ್ಗಮೂಲ 458ಕ್ಕಿಂತ ತುಸು ಹೆಚ್ಚು, ಅದರೊಳಗೆ 88 ಅವಿಭಾಜ್ಯ ಸಂಖ್ಯೆಗಳಿವೆ, ಅವುಗಳಲ್ಲಿ 59 ಹದಿನೇಳನೆಯದು. ಹದಿನೆಂಟನೆಯ ಬಾಗಿಲು ತೆರೆದೇ ಇತ್ತು.

ಆದರೂ ತಮ್ಮ ಆ ರಾತ್ರಿಯ ಶ್ರಮ ವ್ಯರ್ಥವಾಗಲಿಲ್ಲ. 3449 ಅವಿಭಾಜ್ಯವೇ ಎಂದು ನೋಡಲು ಅದರ ವರ್ಗಮೂಲದವರೆಗೆ, ಅಂದರೆ 58ರವರೆಗೆ, ಪರೀಕ್ಷಿಸಬೇಕು. 3449ನ್ನು ಭಾಗಿಸುವ ಯಾವುದೇ ಸಂಖ್ಯೆ 2,10,389ನ್ನೂ ಭಾಗಿಸಲೇಬೇಕಲ್ಲವೇ? 59ರವರೆಗಿನ ಯಾವ ಅವಿಭಾಜ್ಯವೂ ಅದನ್ನು ಭಾಗಿಸುವುದಿಲ್ಲವೆಂದು ತಾವೇ ತೋರಿಸಿಟ್ಟಿದ್ದೀರಿ. ಆದ್ದರಿಂದ 3449 ಅವಿಭಾಜ್ಯ ಎಂಬುದಕ್ಕೆ ಹೊಸದಾಗಿ ಒಂದು ಭಾಗಾಕಾರವನ್ನೂ ಮಾಡಬೇಕಾಗಿಲ್ಲ.

ಕೈಲೆಕ್ಕದ ದಾರಿ ಕೇಳಿದ್ದೀರಿ. ಪಂಚಾಂಗದವರ ಮನೆಯಲ್ಲಿ 61ನ್ನು ಹಿಡಿಯಲು ಭಾಗಾಕಾರವೇ ಬೇಡ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. 11ರಿಂದ ಭಾಗವಾಗುತ್ತದೆಯೇ ಎಂದು ತಿಳಿಯಲು ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿಸಿ ಕಳೆಯುವುದನ್ನು ಶಾಲೆಯಲ್ಲಿ ಕಲಿತಿರುತ್ತೇವೆ. ಅದು ನಡೆಯುವುದು 11 ಎಂಬುದು 10ಕ್ಕಿಂತ ಒಂದು ಹೆಚ್ಚಾಗಿರುವುದರಿಂದ. ದಿನವನ್ನು 60 ಘಳಿಗೆಗಳಾಗಿ, ಘಳಿಗೆಯನ್ನು 60 ವಿಘಳಿಗೆಗಳಾಗಿ ಒಡೆಯುವ ಲೆಕ್ಕದಲ್ಲಿ ಹತ್ತರ ಸ್ಥಾನದಲ್ಲಿ ಅರುವತ್ತು ಕೂತಿರುತ್ತದೆ, ಹಾಗಾಗಿ ಅಲ್ಲಿ 61ಕ್ಕೂ ಅದೇ ನಿಯಮ ಸಲ್ಲುತ್ತದೆ. 2,10,389ನ್ನು ಅರುವತ್ತರ ಸ್ಥಾನಗಳಲ್ಲಿ ಬರೆಯಿರಿ: 3600ರ 58 ಪಾಲು, 60ರ 26 ಪಾಲು, ಬಿಡಿ 29. ಈಗ 58ರಿಂದ 26 ಕಳೆದು 29 ಕೂಡಿಸಿದರೆ 61, ಸರಿಯಾಗಿ 61. ಮೂರನ್ನೂ ನೇರವಾಗಿ ಕೂಡಿಸಿದರೆ 113. ಅದರಿಂದ 59 ಕಳೆದರೆ ಉಳಿಯುವುದು ತಮ್ಮನ್ನು ಬೇಸರಪಡಿಸಿದ ಅದೇ 54. ದಶಮಾನದಲ್ಲಿ 9ಕ್ಕೆ ಇರುವ ನಿಯಮ ಇಲ್ಲಿ 59ಕ್ಕೆ.

ಹೀಗಾಗಿ ಪೂರ್ಣ ಅಪವರ್ತನ ಇದು:

1,57,79,17,500 = 2² × 3 × 5⁴ × 61 × 3449

ಇದರಿಂದ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಒಟ್ಟು ಭಾಜಕಗಳು 96. ಅವುಗಳ ಮೊತ್ತ 7 × 4 × 781 × 62 × 3450, ಅಂದರೆ 4,67,75,65,200. ಸಂಖ್ಯೆಯನ್ನು ಬಿಟ್ಟು ಮಿಕ್ಕ ಭಾಜಕಗಳನ್ನು ಕೂಡಿಸಿದರೂ ಸಂಖ್ಯೆಗಿಂತ ಹೆಚ್ಚಾಗಿ 3,09,96,47,700 ಆಗುವುದರಿಂದ ಇದು ಸಮೃದ್ಧ ಸಂಖ್ಯೆಗಳ ಸಾಲಿಗೆ ಸೇರುತ್ತದೆ. ಇದಕ್ಕಿಂತ ಚಿಕ್ಕದಾಗಿದ್ದು ಇದರೊಂದಿಗೆ ಒಂದರ ಹೊರತು ಬೇರೆ ಸಾಮಾನ್ಯ ಭಾಜಕವಿಲ್ಲದ ಸಂಖ್ಯೆಗಳು 41,37,60,000 ಇವೆ. ಕೆಂಪು ಸುತ್ತಿನ ವಿಷಯವನ್ನು ಸಿದ್ಧಾಂತ ಬಲ್ಲವರು ಹೇಳಲಿ.

ಉತ್ತರ: ರಥಬೀದಿಯ ಓದುಗ

ತಮ್ಮ ಊಹೆ ಸರಿಯಾಗಿದೆ. ಇದು ಆರ್ಯಭಟನ ಮಹಾಯುಗದ ಸಾವನ ದಿನಗಳ, ಅಂದರೆ ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎಣಿಸುವ ದಿನಗಳ, ಸಂಖ್ಯೆ. ಆರ್ಯಭಟೀಯದ ಗೀತಿಕಾಪಾದದಲ್ಲಿ ಅವನು ಇದನ್ನು ನೇರವಾಗಿ ಕೊಟ್ಟಿಲ್ಲ. ಒಂದು ಯುಗದಲ್ಲಿ ಸೂರ್ಯನ ಭಗಣಗಳು, ಅಂದರೆ ಪೂರ್ಣ ಪರಿಭ್ರಮಣೆಗಳು, 43,20,000 ಎಂಬುದನ್ನು ತನ್ನದೇ ಅಕ್ಷರಪದ್ಧತಿಯಲ್ಲಿ ‘ಖ್ಯುಘೃ’ ಎಂದು ಎರಡಕ್ಷರಕ್ಕೆ ಇಳಿಸಿದ್ದಾನೆ: ಉಕಾರ ಹತ್ತು ಸಾವಿರದ ಸ್ಥಾನವಾದ್ದರಿಂದ ಖು ಎಂದರೆ 20,000 ಮತ್ತು ಯು ಎಂದರೆ 3,00,000, ಋಕಾರ ಹತ್ತು ಲಕ್ಷದ ಸ್ಥಾನವಾದ್ದರಿಂದ ಘೃ ಎಂದರೆ 40,00,000. ಅದರ ಜೊತೆಗೆ ಭೂಮಿ ಪೂರ್ವಾಭಿಮುಖವಾಗಿ ತಿರುಗುವ ಸುತ್ತುಗಳನ್ನು 1,58,22,37,500 ಎಂದು ಕೊಟ್ಟಿದ್ದಾನೆ. ಸುತ್ತುಗಳಿಂದ ಸೂರ್ಯನ ಭಗಣಗಳನ್ನು ಕಳೆದರೆ ಸೂರ್ಯೋದಯಗಳ ಎಣಿಕೆ ಉಳಿಯುತ್ತದೆ, ಅದೇ ತಮ್ಮ 1,57,79,17,500.

ಎರಡು ಸಂಖ್ಯೆಗಳನ್ನು ಅವುಗಳ ಮಹತ್ತಮ ಸಾಮಾನ್ಯ ಅಪವರ್ತನದಿಂದ (ಮ.ಸಾ.ಅ.) ಭಾಗಿಸಿ ಇನ್ನು ಸಂಕ್ಷೇಪಿಸಲು ಬಾರದಂತೆ ಮಾಡುವುದಕ್ಕೆ ‘ದೃಢ’ ಮಾಡುವುದು ಎನ್ನುತ್ತಿದ್ದರು. ಅಜ್ಜ ಮಾಡಿದ್ದು ಅದನ್ನೇ. 2,10,389 ದಿನಗಳಲ್ಲಿ ಮಧ್ಯಮ ರವಿ, ಅಂದರೆ ಸದಾ ಒಂದೇ ವೇಗದಲ್ಲಿ ಸಾಗುವನೆಂದು ಎಣಿಸಿದ ಸೂರ್ಯ, ಸರಿಯಾಗಿ 576 ಸುತ್ತು ಮುಗಿಸುತ್ತಾನೆ ಎಂಬುದು ಅದರ ಅರ್ಥ. 576 × 365 ಕಳೆದರೆ 149 ಉಳಿಯುವುದರಿಂದ ಒಂದು ಸೌರವರ್ಷ 365 ದಿನ ಮತ್ತು ದಿನದ 149/576 ಭಾಗ, ಅಂದರೆ 365 ದಿನ 15 ಘಳಿಗೆ 31 ವಿಘಳಿಗೆ 15 ಪರ (ಪರ ಎಂದರೆ ವಿಘಳಿಗೆಯ 60ನೆಯ ಪಾಲು). ನಮ್ಮ ತುಳುನಾಡಿನಲ್ಲಿ ಪಗ್ಗು ತಿಂಗಳು ಹುಟ್ಟುವ ಮೇಷ ಸಂಕ್ರಮಣ ಪ್ರತಿ ವರ್ಷ ಹದಿನೈದೂವರೆ ಘಳಿಗೆ ಮುಂದೆ ಸರಿದು, ಬಿಸು ಹಬ್ಬದ ವಾರ ಕೆಲವೊಮ್ಮೆ ಒಂದು, ಕೆಲವೊಮ್ಮೆ ಎರಡು ಹೆಜ್ಜೆ ಹಾಕುವುದು ಈ ಭಿನ್ನರಾಶಿಯ ದೆಸೆಯಿಂದಲೇ.

ಕೆಂಪು ಸುತ್ತು ಕುಟ್ಟಕದ್ದು, ಅಂದರೆ ಶೇಷದಿಂದ ಮೂಲ ಸಂಖ್ಯೆಯನ್ನು ಹುಡುಕುವ ಹಳೆಯ ವಿಧಾನದ್ದು. ಕೇಳಿಕೊಳ್ಳುವ ಪ್ರಶ್ನೆ ಹೀಗಿರುತ್ತದೆ: ಕಳೆದ ದಿನಗಳನ್ನು 576ರಿಂದ ಗುಣಿಸಿ 2,10,389ರಿಂದ ಭಾಗಿಸಿದಾಗ ಉಳಿದ ಶೇಷವಷ್ಟೇ ಗೊತ್ತಿದೆ, ಕಳೆದ ದಿನಗಳೆಷ್ಟು? ಶೇಷ 1 ಆದಾಗ ಉತ್ತರ ತಿಳಿದರೆ ಬೇರೆ ಎಲ್ಲ ಶೇಷಗಳಿಗೂ ಗುಣಾಕಾರದಿಂದ ಉತ್ತರ ಸಿಗುತ್ತದೆ. ಆರ್ಯಭಟ ಗಣಿತಪಾದದಲ್ಲಿ ಸೂತ್ರವನ್ನು ಹೇಳಿದ, 629ರಲ್ಲಿ ಆರ್ಯಭಟೀಯಕ್ಕೆ ಭಾಷ್ಯ ಬರೆದ ಮೊದಲನೆಯ ಭಾಸ್ಕರ ಅದನ್ನು ಗ್ರಹಗಣಿತದಲ್ಲಿ ದುಡಿಸಿದ. ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನೂ ವಲ್ಲಿಕಾಕುಟ್ಟೀಕಾರವೆಂದು ಇದನ್ನು ವಿಸ್ತರಿಸಿದ್ದಾನೆ. ಕನ್ನಡದ ಕಿವಿಗೆ ಹೆಸರೇ ಅರ್ಥ ಹೇಳುತ್ತದೆ: ದೊಡ್ಡ ಸಂಖ್ಯೆಗಳನ್ನು ಒರಳಿಗೆ ಹಾಕಿ ನುಚ್ಚಾಗುವವರೆಗೆ ಕುಟ್ಟುವುದು.

ಕುಟ್ಟಿ ನೋಡೋಣ. 2,10,389ನ್ನು 576ರಿಂದ ಭಾಗಿಸಿದರೆ ಲಬ್ಧ 365, ಶೇಷ 149. 576ನ್ನು 149ರಿಂದ ಭಾಗಿಸಿದರೆ ಲಬ್ಧ 3, ಶೇಷ 129. ಮುಂದೆ ಲಬ್ಧ 1 ಶೇಷ 20, ಲಬ್ಧ 6 ಶೇಷ 9, ಲಬ್ಧ 2 ಶೇಷ 2, ಲಬ್ಧ 4 ಶೇಷ 1. ಲಬ್ಧಗಳ ಬಳ್ಳಿ, ಅಂದರೆ ವಲ್ಲಿ, 365, 3, 1, 6, 2, 4. ಹಿಂದಿನವರು ಬಳ್ಳಿಯ ಬುಡದಿಂದ ಮೇಲಕ್ಕೆ ಗುಣಿಸುತ್ತ ಬರುತ್ತಿದ್ದರು, ನಾನು ಮೇಲಿನಿಂದ ಇಳಿಯುತ್ತೇನೆ, ಫಲ ಒಂದೇ. ಮೊದಲು 365. ಅದರ ಮೂರು ಪಟ್ಟಿಗೆ 1 ಕೂಡಿಸಿದರೆ 1096. ಅದರ ಒಂದು ಪಟ್ಟಿಗೆ ಹಿಂದಿನ 365 ಕೂಡಿಸಿದರೆ 1461. ಹೀಗೆಯೇ 9862, 21,185, ಕೊನೆಗೆ 94,602. ಇದಕ್ಕೆ ಜೊತೆಯಾಗಿ ನಡೆಯುವ ಸಣ್ಣ ಸಾಲು 1, 3, 4, 27, 58, 259. ನಡುವೆ ಸಿಗುವ 1461ನ್ನು 4ರಿಂದ ಭಾಗಿಸಿದರೆ ಮುನ್ನೂರ ಅರುವತ್ತೈದೂಕಾಲು ದಿನ, ಅಂದರೆ ರೋಮಿನ ಜೂಲಿಯನ್ ವರ್ಷ, ತಾನಾಗಿ ಎದುರಾಗುತ್ತದೆ.

ತಾಳೆ ನೋಡಿ: 576 × 94,602 = 5,44,90,752, ಮತ್ತು 2,10,389 × 259 = 5,44,90,751. ವ್ಯತ್ಯಾಸ ಒಂದು. 94,602 ದಿನ ಕಳೆದಾಗ ರವಿ 259 ಸುತ್ತು ಮುಗಿಸಿ, ಸುತ್ತಿನ 2,10,389ನೆಯ ಒಂದು ಪಾಲಿನಷ್ಟೇ ಮುಂದೆ ನಿಂತಿರುತ್ತಾನೆ. ಶೇಷ 3 ಎಂದು ಕೊಟ್ಟರೆ 94,602ರ ಮೂರು ಪಟ್ಟು 2,83,806, ಅದರಿಂದ 2,10,389 ಕಳೆದರೆ 73,417 ದಿನ.

ಉತ್ತರ: ಸುರತ್ಕಲ್ ಕಡೆಯಿಂದ

ಮೊದಲು ಒಂದು ತಿದ್ದುಪಡಿ. ಮೇಷ್ಟ್ರು ಭಾಜಕಗಳು 96 ಎಂದಿದ್ದಾರೆ. 5ರ ಘಾತ 4 ಆದ್ದರಿಂದ ಸೊನ್ನೆಯೂ ಸೇರಿ ಐದು ಆಯ್ಕೆಗಳಿರುತ್ತವೆ, ನಾಲ್ಕಲ್ಲ; 3 × 2 × 5 × 2 × 2 = 120. ಮೊತ್ತದಲ್ಲಿ ಅವರು 781 ಎಂದು ಐದು ಪದಗಳನ್ನೂ ಕೂಡಿಸಿರುವುದರಿಂದ ಅದು ಸರಿಯಾಗಿಯೇ ಇದೆ.

ಎರಡನೆಯದು, ಇಂಥ ಸಂಖ್ಯೆ ಕೈಗೆ ಸಿಕ್ಕೊಡನೆ ಅದರ ಎಲ್ಲ ಗುಣಗಳಿಗೂ ಅರ್ಥ ಹಚ್ಚುವ ಚಪಲ ನಮ್ಮಲ್ಲಿದೆ. ಭಾಜಕಗಳು 120 ಇರುವುದರಲ್ಲಿ, ಅದು ಸಮೃದ್ಧವಾಗಿರುವುದರಲ್ಲಿ ಯಾವ ವಿಶೇಷವೂ ಇಲ್ಲ. 7500ರ ಅಪವರ್ತ್ಯಗಳೆಲ್ಲವೂ ಸಮೃದ್ಧವೇ. 61 ಮತ್ತು 3449ರ ಬಗ್ಗೆಯೂ ನಾನು ಅಷ್ಟನ್ನೇ ಹೇಳುವೆ. ಆದರೆ ಈ ಸಂಖ್ಯೆಯ ಎರಡು ಗುಣಗಳು ನಿಜಕ್ಕೂ ಕೆಲಸ ಮಾಡುತ್ತವೆ, ಅವುಗಳನ್ನು ಯಾರೂ ಹೇಳಲಿಲ್ಲ.

ಒಂದು, 2ರ ಘಾತ ಎರಡೇ ಆಗಿರುವುದು. ಕಾಲಕ್ರಿಯಾಪಾದದಲ್ಲಿ ಆರ್ಯಭಟ, ಮೂರು ಯುಗಪಾದಗಳೂ, ಅಂದರೆ ಮಹಾಯುಗದಲ್ಲಿ ಕಲಿಗೆ ಮುಂಚಿನ ಮೂರು ಯುಗಗಳೂ, ಆಮೇಲೆ ಅರುವತ್ತರ ಅರುವತ್ತು ವರ್ಷಗಳೂ ಕಳೆದಾಗ ತನಗೆ 23 ವರ್ಷವಾಗಿತ್ತು ಎಂದಿದ್ದಾನೆ. 3600 ವರ್ಷ ಎಂದರೆ ಮಹಾಯುಗದ 1200ನೆಯ ಒಂದು ಪಾಲು. 1200ರಲ್ಲಿ 2ರ ನಾಲ್ಕನೆಯ ಘಾತವಿದೆ, ನಮ್ಮ ಸಂಖ್ಯೆಯಲ್ಲಿ ಎರಡನೆಯದು ಮಾತ್ರ. ಹಾಗಾಗಿ ಭಾಗಾಕಾರ ಪೂರ್ಣವಾಗದೆ 13,14,931 ದಿನಗಳ ಮೇಲೆ ಕಾಲು ದಿನ ಉಳಿಯುತ್ತದೆ. ಸೂರ್ಯೋದಯದಿಂದ ಎಣಿಸುವವರಿಗೆ ಕಾಲು ದಿನ ಎಂದರೆ 15 ಘಳಿಗೆ, ಅಂದರೆ ಮಧ್ಯಾಹ್ನ. ಕಲಿಯುಗದ 3600 ವರ್ಷ ತುಂಬಿದ್ದು ಕ್ರಿ.ಶ. 499ರ ಮಾರ್ಚ್ 21ರ ನಡುಹಗಲಿಗೆ ಎಂಬ ಪ್ರಸಿದ್ಧ ಮಾತಿನ ಹಿಂದೆ ಇರುವುದು ಈ ಕಾಲು ದಿನ.

ಇನ್ನೊಂದು, 7ರಿಂದ ಭಾಗಿಸಿದಾಗಿನ ಶೇಷ. ಕಲಿಯುಗ ಶುಕ್ರವಾರ ಆರಂಭವಾಯಿತು ಎಂಬುದು ಒಪ್ಪಿತ ಲೆಕ್ಕ. ಮಹಾಯುಗ ಆರಂಭವಾದದ್ದು ಲಂಕೆಯ ಸೂರ್ಯೋದಯದಲ್ಲಿ, ಬುಧವಾರ ಎಂದು ಗೀತಿಕಾಪಾದ ಹೇಳುತ್ತದೆ. ಇವೆರಡೂ ಹೊಂದುತ್ತವೆಯೇ? ಆರ್ಯಭಟನಿಗೆ ನಾಲ್ಕು ಯುಗಪಾದಗಳೂ ಸಮ. ಮೂರು ಪಾದಗಳ ದಿನಗಳು 1,18,34,38,125. ಏಳರಿಂದ ಭಾಗಿಸಿದರೆ ಶೇಷ 2. ಶುಕ್ರವಾರದಿಂದ ಎರಡು ದಿನ ಹಿಂದಕ್ಕೆ ಹೋದರೆ ಬುಧವಾರ, ಲೆಕ್ಕ ಕೂಡಿತು. ಇದೇ ಸಂಖ್ಯೆಯನ್ನು ಪುರಾಣದ 4:3:2:1 ಪಾಲಿನಂತೆ ಹಂಚಿದರೆ ಕಲಿಗೆ ಮುಂಚಿನ ದಿನಗಳು 1,42,01,25,750, ಶೇಷ 1. ಯುಗಾರಂಭ ಗುರುವಾರಕ್ಕೆ ಬೀಳುತ್ತದೆ. ಸಮಪಾದಗಳಿಗಾಗಿ ಬ್ರಹ್ಮಗುಪ್ತ ಆರ್ಯಭಟನನ್ನು ಚೆನ್ನಾಗಿಯೇ ಝಾಡಿಸಿದ್ದಾನೆ. ಆದರೆ ಶ್ಲೋಕದ ಬುಧವಾರ ಹೊಂದುವುದು ಸಮಪಾದಗಳಿಗೆ ಮಾತ್ರ. ಆ ಸಂಖ್ಯೆಯನ್ನು ಎಷ್ಟು ನಿಗಾ ಇಟ್ಟು ಕಟ್ಟಲಾಗಿದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಗುರುತು ಬೇಡ.

ಬಿಕರ್ನಕಟ್ಟೆ ಮೇಷ್ಟ್ರು

120 ಎಂಬುದೇ ಸರಿ. ಘಾತಕ್ಕೆ ಒಂದು ಕೂಡಿಸಬೇಕೆಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನೇ. ತಿದ್ದಿದ್ದಕ್ಕೆ ಕೃತಜ್ಞ.

ಕಲ್ಯಾಣಪುರದವ

ತಮ್ಮೆಲ್ಲರಿಗೂ ಋಣಿ. ಪೆನ್ಸಿಲಿನ ಬರಹವನ್ನು ಅಳಿಸಿ 61 × 3449 ಎಂದು ಬರೆದಿದ್ದೇನೆ. ಇನ್ನೆರಡು ಸಂದೇಹಗಳಿವೆ. ಮುಂದಿನ ಹಾಳೆಯಲ್ಲಿ 1,57,79,17,828 ಎಂದು ಬರೆದು, ಅದರ ಕೆಳಗೆ ‘4 ಮಾತ್ರ’ ಎಂದು ಗುರುತು ಹಾಕಿ ಬಿಟ್ಟಿದ್ದಾರೆ. ಅದೇ ಹಾಳೆಯ ಮೂಲೆಯಲ್ಲಿ 14,72,723 ಎಂದಿದೆ. ಇದು 2,10,389ರ ಏಳು ಪಟ್ಟು ಎಂದು ನಾನೇ ಕಂಡುಕೊಂಡೆ, ಆದರೆ ಏಳು ಪಟ್ಟು ಏಕೆ ಬೇಕಾಯಿತು ಎಂದು ಹೊಳೆಯಲಿಲ್ಲ.

ರಥಬೀದಿಯ ಓದುಗ

ಮೊದಲನೆಯದು ಸೂರ್ಯಸಿದ್ಧಾಂತವೆಂಬ ಜ್ಯೋತಿಷ ಗ್ರಂಥದ ಯುಗದಿನಗಳು. ಆರ್ಯಭಟನ ಸಂಖ್ಯೆಗಿಂತ 328 ದಿನ ಹೆಚ್ಚು. 43,20,000 ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಆರೂವರೆ ಸೆಕೆಂಡಿನಷ್ಟು ವ್ಯತ್ಯಾಸ. ಆದರೆ ಸಂಖ್ಯೆಗಳ ಸ್ವಭಾವ ಪೂರ್ತಿ ಬದಲಾಗುತ್ತದೆ. 828ರಲ್ಲಿ ಕೊನೆಗೊಳ್ಳುವುದರಿಂದ 5 ಹೊರಬಿತ್ತು, ಅಂಕಿಗಳ ಮೊತ್ತ 55 ಆದ್ದರಿಂದ 3 ಕೂಡ ಹೊರಬಿತ್ತು. 43,20,000ದೊಂದಿಗೆ ಇದರ ಮ.ಸಾ.ಅ. 4 ಮಾತ್ರ. ದೃಢ ಮಾಡಿದರೂ 10,80,000 ಮತ್ತು 39,44,79,457 ಎಂಬ ದೈತ್ಯರೇ ಉಳಿಯುತ್ತಾರೆ. ಇವುಗಳ ಮೇಲೂ ಕುಟ್ಟಕ ನಡೆಯುತ್ತದೆ. ಒರಳು ದೊಡ್ಡದು ಬೇಕು, ತೋಳೂ ಗಟ್ಟಿಯಿರಬೇಕು. ಅಜ್ಜ ಬಿಟ್ಟದ್ದು ಇದಕ್ಕೇ ಇರಬೇಕು.

ಎರಡನೆಯದು ವಾರಕುಟ್ಟಾಕಾರಕ್ಕೆ, ಅಂದರೆ ವಾರವನ್ನೂ ಸೇರಿಸಿ ಮಾಡುವ ಕುಟ್ಟಕಕ್ಕೆ, ಬೇಕಾದ ಸಂಖ್ಯೆ. 2,10,389 ದಿನಗಳಿಗೊಮ್ಮೆ ಮಧ್ಯಮ ರವಿ ಸೂರ್ಯೋದಯದ ಹೊತ್ತಿಗೆ ಸರಿಯಾಗಿ ಮೇಷದ ಆದಿಗೆ ಮರಳುತ್ತಾನಾದರೂ ಆ ಸಂಖ್ಯೆಯನ್ನು 7ರಿಂದ ಭಾಗಿಸಿದರೆ 4 ಉಳಿಯುವುದರಿಂದ ವಾರ ನಾಲ್ಕು ಮನೆ ಜಿಗಿಯುತ್ತದೆ. 7 ಅವಿಭಾಜ್ಯವಾದ್ದರಿಂದಲೂ ಅದು 2,10,389ನ್ನು ಭಾಗಿಸದೆ ಇರುವುದರಿಂದಲೂ ಏಳು ಸುತ್ತು ಪೂರ್ತಿ ಆಗದೆ ವಾರ ಕೂಡುವುದಿಲ್ಲ. ಸ್ಥಾನ, ಹೊತ್ತು, ವಾರ ಮೂರೂ ಒಟ್ಟಿಗೆ ಮರಳಲು 14,72,723 ದಿನ, ಅಂದರೆ 576ರ ಏಳು ಪಟ್ಟು, 4032 ವರ್ಷ ಬೇಕು. ಇದು ಮಧ್ಯಮ ರವಿಯ ಲೆಕ್ಕ. ಪಂಚಾಂಗದಲ್ಲಿ ಅಚ್ಚಾಗುವ ಸ್ಫುಟ ಸಂಕ್ರಮಣ, ಅಂದರೆ ಸೂರ್ಯನ ನಿಜಸ್ಥಾನದಿಂದ ಎಣಿಸಿದ್ದು, ಇದಕ್ಕಿಂತ ಸುಮಾರು ಎರಡು ದಿನ ಮೊದಲೇ ಬರುತ್ತದೆ ಎಂಬುದನ್ನು ನೆನಪಿಡಬೇಕು. ಕಲಿಯ ಆರಂಭದ ಆ ಶುಕ್ರವಾರದ ಸೂರ್ಯೋದಯದ ಸ್ಥಿತಿ ಆರ್ಯಭಟನ ಸಂಖ್ಯೆಯ ಪ್ರಕಾರ ಮೊದಲ ಸಲ ಮರಳಿದ್ದು ಕ್ರಿ.ಶ. 931ರಲ್ಲಿ. ಮುಂದಿನದು 4963ರಲ್ಲಿ.